ಮುಪ್ಪಿನಲ್ಲಿ ಮೊಬೈಲ್ ಪಾಠ

ಆರೋಗ್ಯದ ಅಂಕಣದಲ್ಲಿ ಮೊಬೈಲ್ ಫೋನಿನ ಪಾಠದ ಮಾತೇಕೆ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ನಿಮ್ಮ ಮನೆಯಲ್ಲೇ ಒಮ್ಮೆ ನೋಡಿ. ಅಜ್ಜನ ಪಿಂಚಣಿ ಬಂತೋ ಇಲ್ಲವೋ ಎಂಬುದು ಫೋನಿನಲ್ಲಿ ತಿಳಿಯುತ್ತದೆ. ಗ್ಯಾಸ್ ಸಿಲಿಂಡರ್ ಬೇಕೆಂದರೆ ಫೋನು. ರಕ್ತಪರೀಕ್ಷೆಯ ವರದಿ ಕಾಗದದಲ್ಲಿ ಬರುವ ಮೊದಲೇ ವಾಟ್ಸ್‌ಆ್ಯಪಿಗೆ ಬಂದಿರುತ್ತದೆ. ಎಲ್ಲಿ ಹೋಗಿ ಆಧಾರ್ ಕೊಟ್ಟರೂ ಒಟಿಪಿ ಬಂತೇ ಎಂದು ಕೇಳುತ್ತಾರೆ. ದೂರದ ಊರಿನ ಮಗನ ಮುಖ ಕಾಣುವುದೂ ಅದರಲ್ಲಿಯೇ. ಇಷ್ಟೆಲ್ಲ ಅಂಗೈ ಅಗಲದ ಗಾಜಿನೊಳಗೆ ಹೋಗಿ ಕುಳಿತಿರುವಾಗ, ಆ ಗಾಜನ್ನು ಮುಟ್ಟಲು ಹೆದರುವ ಎಪ್ಪತ್ತರ ವ್ಯಕ್ತಿ ತನ್ನ ಮಾತ್ರೆ, ತನ್ನ ದುಡ್ಡು, ತನ್ನ ಮಾತು ಮೂರಕ್ಕೂ ಇನ್ನೊಬ್ಬರ ಕೈ ಕಾಯಬೇಕಾಗುತ್ತದೆ. ಮುಪ್ಪಿನಲ್ಲಿ ಈ ಪರಾವಲಂಬನೆ ಮನಸ್ಸನ್ನೂ ಮೈಯನ್ನೂ ಕುಗ್ಗಿಸುತ್ತದೆ. ಆದ್ದರಿಂದ ಹಿರಿಯರಿಗೆ ಫೋನು ಕಲಿಸುವ ತರಗತಿಗಳು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯ ಊರೂರಲ್ಲೂ ನಡೆಯಬೇಕು, ಅದನ್ನು ಆರೋಗ್ಯದ ಕೆಲಸವೆಂದೇ ಎಣಿಸಬೇಕು ಎಂಬುದು ನನ್ನ ವಾದ.

ನಮ್ಮ ಭಾಗದ ಹಿರಿಯರಿಗೆ ಅಕ್ಷರದ ಹಂಗು ತಡವಾಗಿ ಬಂತು. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಕೊಪ್ಪಳ ಜಿಲ್ಲೆಯ ಸಾಕ್ಷರತೆ 2011ರ ಜನಗಣತಿಯಲ್ಲಿ ಶೇ. 68ರ ಆಸುಪಾಸಿನಲ್ಲಿತ್ತು, ಮಹಿಳೆಯರಲ್ಲಿ ಶೇ. 58ನ್ನೂ ಮುಟ್ಟಿರಲಿಲ್ಲ. ಇದು ಎಲ್ಲ ವಯಸ್ಸಿನವರ ಲೆಕ್ಕ. ಇಂದು ಎಪ್ಪತ್ತು ದಾಟಿದ ಹೆಂಗಸರನ್ನಷ್ಟೇ ಬೇರೆ ತೆಗೆದು ನೋಡಿದರೆ ಪರಿಸ್ಥಿತಿ ಏನಿರಬಹುದೆಂದು ಬಿಡಿಸಿ ಹೇಳಬೇಕಿಲ್ಲ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಆರಂಭವಾಗಿ, ಮುಂದೆ ಆಂದೋಲನ ಹಳ್ಳಿಗಳಿಗೆ ಬಂದಾಗ ಇವರಿಗೆ ಹೇಳಿಕೊಟ್ಟ ಮೊದಲ ಮಾತು, ಹೆಬ್ಬೆಟ್ಟು ಬಿಡಿ, ಸಹಿ ಕಲಿಯಿರಿ ಎಂದು. ಕಷ್ಟಪಟ್ಟು ಸಹಿ ಕಲಿತರು. ಈಗ ನೋಡಿದರೆ ರೇಷನ್ ಅಂಗಡಿಯಲ್ಲಿ, ಬ್ಯಾಂಕ್ ಮಿತ್ರರ ಯಂತ್ರದಲ್ಲಿ ಮತ್ತೆ ಹೆಬ್ಬೆಟ್ಟೇ ಬೇಕು. ಪದವೀಧರನೂ ಒತ್ತುವುದು ಅದನ್ನೇ. ಕಾಲದ ತಮಾಷೆ ಎನ್ನಬೇಕು.

ತಮಾಷೆ ಅಲ್ಲಿಗೇ ಮುಗಿಯುವುದಿಲ್ಲ. ಆ ಹೆಬ್ಬೆಟ್ಟು ಯಂತ್ರಕ್ಕೆ ಕಾಣಿಸುವುದೇ ಇಲ್ಲ. ವಯಸ್ಸಾದಂತೆ ಚರ್ಮದ ತೇವ ಕಡಿಮೆಯಾಗುತ್ತದೆ, ಬಿಗಿ ಸಡಿಲುತ್ತದೆ, ಬೆರಳ ತುದಿಯ ಏರುಗೆರೆಗಳು ಚಪ್ಪಟೆಯಾಗುತ್ತವೆ. ಗಂಗಾವತಿಯ ಗದ್ದೆಗಳಲ್ಲಿ ವರ್ಷಗಟ್ಟಲೆ ಕೆಸರಿನಲ್ಲಿ ನಾಟಿ ಮಾಡಿದ ಕೈ, ಸಿಮೆಂಟು ಕಲಸಿದ ಕೈ, ಭಾಗ್ಯನಗರದ ಮಗ್ಗದಲ್ಲಿ ನೂಲು ಹಿಡಿದ ಕೈ, ಕಿನ್ನಾಳದಲ್ಲಿ ಗೊಂಬೆಯ ಕಟ್ಟಿಗೆ ಉಜ್ಜಿದ ಕೈ ಇನ್ನೂ ಬೇಗ ಸವೆಯುತ್ತವೆ. ಕ್ಯಾನ್ಸರಿಗೆ ಕೊಡುವ ಕ್ಯಾಪೆಸಿಟಾಬಿನ್ ಎಂಬ ಮಾತ್ರೆ ಕೆಲವರಲ್ಲಿ ಬೆರಳಚ್ಚನ್ನೇ ಅಳಿಸಿಬಿಡುತ್ತದೆ. ಯಂತ್ರ ಕೆಂಪು ದೀಪ ತೋರಿಸಿದಾಗ ಅಜ್ಜಿ ತನ್ನದೇ ತಪ್ಪೆಂಬಂತೆ ಕೈಯನ್ನು ಸೆರಗಿಗೆ ಒರೆಸಿ ಒರೆಸಿ ಮತ್ತೆ ಒತ್ತುತ್ತಾಳೆ. ಒರೆಸಿದಷ್ಟೂ ಚರ್ಮ ಒಣಗಿ ಅಚ್ಚು ಮತ್ತೂ ಮಸುಕಾಗುತ್ತದೆ. ಹೋಗುವ ಮೊದಲು ಕೈ ತೊಳೆದು, ಸ್ವಲ್ಪ ಕೊಬ್ಬರಿ ಎಣ್ಣೆ ಸವರಿ, ಜಿಡ್ಡನ್ನು ಒರೆಸಿಕೊಂಡು ಹೋದರೆ ಎಷ್ಟೋ ಸಲ ಕೆಲಸವಾಗುತ್ತದೆ. ಆಗದಿದ್ದರೆ ಕಣ್ಣಿನ ಪಾಪೆ ಅಥವಾ ಮುಖ ನೋಡಿ ಗುರುತಿಸುವ ವಿಧಾನವೂ ಆಧಾರ್ ವ್ಯವಸ್ಥೆಯಲ್ಲಿ ಇದೆ ಎಂಬುದನ್ನು ತಿಳಿದಿರಿ. ಅದನ್ನು ಕೇಳಿ ಪಡೆಯಿರಿ. ಸರಕಾರಿ ನಿವೃತ್ತರು ಪ್ರತಿ ನವೆಂಬರಿನಲ್ಲಿ ಕೊಡಬೇಕಾದ ಜೀವಿತ ಪ್ರಮಾಣಪತ್ರಕ್ಕೆ 2014ರಲ್ಲಿ 'ಜೀವನ ಪ್ರಮಾಣ' ಎಂಬ ಬೆರಳಚ್ಚಿನ ವ್ಯವಸ್ಥೆ ಬಂತು. ಸವೆದ ಬೆರಳಿನ ತೊಂದರೆ ಇದ್ದವರಿಗೂ ಅನುಕೂಲವಾಗುವಂತೆ 2021ರ ನವೆಂಬರಿನಿಂದ ಮುಖ ತೋರಿಸಿಯೂ ಕೊಡಬಹುದಾಗಿದೆ. ಎಂಬತ್ತು ದಾಟಿದವರು ಅಕ್ಟೋಬರ್ ಒಂದರಿಂದಲೇ ಕೊಡಬಹುದು.

ಒಣಗಿದ ಬೆರಳಿನ ತೊಂದರೆ ಫೋನಿನ ಗಾಜಿನ ಮೇಲೂ ಇದೆ. ಈ ಗಾಜು ಒತ್ತಡವನ್ನು ಗುರುತಿಸುವುದಿಲ್ಲ, ಚರ್ಮದ ವಿದ್ಯುತ್ ಗುಣವನ್ನು ಗುರುತಿಸುತ್ತದೆ. ಚರ್ಮ ಒಣಗಿ ಗಟ್ಟಿಯಾಗಿದ್ದರೆ ಮುಟ್ಟಿದ್ದು ಅದಕ್ಕೆ ತಿಳಿಯುವುದಿಲ್ಲ. ಆಗ ಹಿರಿಯರು ಮಾಡುವುದೇನು? ಜೋರಾಗಿ ಒತ್ತಿ ಹಿಡಿಯುತ್ತಾರೆ. ಒತ್ತಿ ಹಿಡಿದರೆ ಬೇರೆಯೇ ಏನೋ ತೆರೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಹಳೆಯದಾಗಿ ಬೆರಳ ತುದಿ ಜೋಮು ಹಿಡಿದಿದ್ದರೆ, ಕೈ ನಡುಗುತ್ತಿದ್ದರೆ ಇನ್ನೂ ಕಷ್ಟ. ಮನೆಯ ಹುಡುಗರು ಇದನ್ನು ದಡ್ಡತನವೆಂದು ತಿಳಿಯುತ್ತಾರೆ. ವಾಸ್ತವವಾಗಿ ಅದು ಚರ್ಮದ, ನರದ ಸಂಗತಿ. ಫೋನಿನ ಸೆಟ್ಟಿಂಗಿನಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ಹೆಚ್ಚಿಸುವ, ಅಕ್ಷರ ದೊಡ್ಡದು ಮಾಡುವ, ಭಾಷೆಯನ್ನು ಕನ್ನಡಕ್ಕೆ ಬದಲಿಸುವ ಅನುಕೂಲಗಳಿವೆ. ಐದು ನಿಮಿಷದ ಕೆಲಸ. ಎಷ್ಟು ಮನೆಗಳಲ್ಲಿ ಯಾರಾದರೂ ಇದನ್ನು ಮಾಡಿಕೊಟ್ಟಿದ್ದಾರೆ?

ಕಣ್ಣಿನ ವಿಷಯವೂ ಅಷ್ಟೇ. ನಲವತ್ತರ ನಂತರ ಹತ್ತಿರದ ದೃಷ್ಟಿ ಕುಂದುವುದು ಎಲ್ಲರಿಗೂ ಇರುವ ಸಂಗತಿ. ಅರವತ್ತರ ನಂತರ ಪೊರೆ ಸೇರಿಕೊಳ್ಳುತ್ತದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ ಸುಮಾರು 750 ಕಾರ್ಮಿಕರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಓದುವ ಕನ್ನಡಕ ಪಡೆದವರು ಪಡೆಯದವರಿಗಿಂತ ಶೇ. 20ಕ್ಕೂ ಹೆಚ್ಚು ಎಲೆ ಬಿಡಿಸಿದರು. ಎಲೆ ಬಿಡಿಸುವ ಕೈಗೇ ಕನ್ನಡಕ ಇಷ್ಟು ನೆರವಾದರೆ, ಸಾಸಿವೆಯಷ್ಟು ಅಕ್ಷರ ಓದಿ ಒತ್ತಬೇಕಾದ ಕೈಗೆ ಎಷ್ಟಾದೀತು? ಹೀಗಾಗಿ ಹಿರಿಯರ ತರಗತಿ ಆರಂಭವಾಗಬೇಕಾದ್ದು ಕಣ್ಣು ತಪಾಸಣೆಯಿಂದ. ಪೊರೆ ಬೆಳೆದಿದ್ದರೆ ಮೊದಲು ಶಸ್ತ್ರಚಿಕಿತ್ಸೆ, ಆಮೇಲೆ ಪಾಠ. ಕಿವಿಯೂ ಹಾಗೆಯೇ. ವಯಸ್ಸಿನ ಕಿವುಡಿನಲ್ಲಿ ಮೊದಲು ಹೋಗುವುದು ಎತ್ತರದ ಸ್ವರಗಳು. ಮಾತು ಕೇಳಿಸುತ್ತದೆ, ಆದರೆ ಸಕಾರ ಶಕಾರ ತಕಾರಗಳು ಕಲಸಿಹೋಗಿ ಅರ್ಥವಾಗುವುದಿಲ್ಲ. ಅವರಿಗೆ ಕಿರುಚಿ ಹೇಳಿದರೆ ಪ್ರಯೋಜನವಿಲ್ಲ. ಮುಖ ಕಾಣುವಂತೆ ಎದುರು ಕುಳಿತು ನಿಧಾನವಾಗಿ ಹೇಳಬೇಕು. 2024ರ ಲ್ಯಾನ್ಸೆಟ್ ಆಯೋಗದ ವರದಿ ಮರೆಗುಳಿ ರೋಗವನ್ನು ತಡೆಯಬಹುದಾದ ಅಥವಾ ಮುಂದೂಡಬಹುದಾದ 14 ಅಂಶಗಳನ್ನು ಹೆಸರಿಸಿದೆ. ಚಿಕಿತ್ಸೆ ಇಲ್ಲದ ಕಿವುಡು, ಚಿಕಿತ್ಸೆ ಇಲ್ಲದ ದೃಷ್ಟಿದೋಷ, ಒಂಟಿತನದ ಬಾಳು ಈ ಮೂರೂ ಆ ಪಟ್ಟಿಯಲ್ಲಿವೆ. ಸರಿಯಾಗಿ ನಡೆಸಿದ ಒಂದು ತರಗತಿ ಮೂರನ್ನೂ ಒಟ್ಟಿಗೆ ಹಿಡಿಯಬಲ್ಲದು. ಅದಕ್ಕೇ ಇದು ಆರೋಗ್ಯದ ಮಾತು ಎಂದೆ.

ಹೊಸದನ್ನು ಕಲಿಯುವುದರಿಂದ ಮುದಿ ಮೆದುಳಿಗೆ ಲಾಭವಿದೆಯೇ? ಅಮೆರಿಕದ ಟೆಕ್ಸಾಸಿನಲ್ಲಿ ಡೆನಿಸ್ ಪಾರ್ಕ್ ಮತ್ತು ಸಂಗಡಿಗರು 60ರಿಂದ 90 ವರ್ಷದ 221 ಜನರ ಮೇಲೆ ನಡೆಸಿದ ಪ್ರಯೋಗವನ್ನು 2014ರಲ್ಲಿ ಪ್ರಕಟಿಸಿದರು. ಕೆಲವರು ಮೂರು ತಿಂಗಳು, ವಾರಕ್ಕೆ ಸುಮಾರು 15 ತಾಸು ಡಿಜಿಟಲ್ ಕ್ಯಾಮೆರಾ ಮತ್ತು ಕಂಪ್ಯೂಟರಿನಲ್ಲಿ ಚಿತ್ರ ತಿದ್ದುವುದನ್ನು ಕಲಿತರು. ಕೆಲವರು ಕೌದಿ ಹೊಲಿಯುವಂಥ ಕಸುಬು ಕಲಿತರು. ಇನ್ನು ಕೆಲವರು ಕೂಡಿ ಹರಟಿದರು, ಆಟವಾಡಿದರು. ನೆನಪಿನ ಶಕ್ತಿ ಸುಧಾರಿಸಿದ್ದು ಹೊಸದನ್ನು ಕಷ್ಟಪಟ್ಟು ಕಲಿತವರಲ್ಲಿ, ಅದರಲ್ಲೂ ಕ್ಯಾಮೆರಾ ಹಿಡಿದವರಲ್ಲಿ. 2025ರಲ್ಲಿ ಪ್ರಕಟವಾದ ಇನ್ನೊಂದು ವಿಶ್ಲೇಷಣೆ 57 ಅಧ್ಯಯನಗಳ, ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಒಟ್ಟುಗೂಡಿಸಿ, ಕಂಪ್ಯೂಟರ್, ಫೋನು ಬಳಸುವ ಹಿರಿಯರಲ್ಲಿ ಬುದ್ಧಿಮಾಂದ್ಯದ ಸಂಭವ ಕಡಿಮೆ ಎಂದು ತೋರಿಸಿತು. ಇದನ್ನು ಓದಿ ಅಪ್ಪನಿಗೆ ಫೋನೇ ಔಷಧ ಎಂದುಕೊಳ್ಳಬೇಡಿ. ಬುದ್ಧಿ ಚುರುಕಾಗಿದ್ದವರೇ ಫೋನು ಹಿಡಿದಿರುವ ಸಾಧ್ಯತೆಯೂ ಇದೆ. ಸಂಜೆಯಿಂದ ರಾತ್ರಿಯವರೆಗೆ ಹೆಬ್ಬೆರಳಿನಿಂದ ರೀಲ್ಸ್ ಸರಿಸುವುದು ಕಲಿಕೆಯಲ್ಲ. ಅದರಿಂದ ನಿದ್ರೆ ಕೆಡುತ್ತದೆ, ಕಣ್ಣು ಮಿಟುಕಿಸುವುದು ಕಡಿಮೆಯಾಗಿ ಉರಿ ಬರುತ್ತದೆ, ಎರಡು ದೃಷ್ಟಿಯ ಕನ್ನಡಕ ಹಾಕುವವರು ಕತ್ತು ಮೇಲೆತ್ತಿ ನೋಡಿ ನೋಡಿ ಕುತ್ತಿಗೆ ನೋವು ತಂದುಕೊಳ್ಳುತ್ತಾರೆ. ಗಮನಿಸಿ, ಈ ನೋಡುವ ವಿದ್ಯೆಯನ್ನು ನಮ್ಮ ಹಿರಿಯರಿಗೆ ಯಾರೂ ಕಲಿಸಬೇಕಾಗಲಿಲ್ಲ. ಕಂಪನಿಗಳೇ ಅದನ್ನು ಸುಲಭ ಮಾಡಿಟ್ಟಿವೆ. ಕಲಿಸಬೇಕಾದ್ದು ಉಳಿದದ್ದನ್ನು.

ಆ ಉಳಿದದ್ದನ್ನು ಕಲಿಸಬೇಕಾದವರು ಏನು ಮಾಡಿದರು? ಕೇಂದ್ರ ಸರಕಾರ 2017ರಲ್ಲಿ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಆರಂಭಿಸಿತು. ಆರು ಕೋಟಿ ಹಳ್ಳಿ ಕುಟುಂಬಗಳಲ್ಲಿ ಮನೆಗೊಬ್ಬರಿಗೆ 20 ತಾಸಿನ ಪಾಠ ಎಂಬ ದೊಡ್ಡ ಯೋಜನೆ. 2024ರ ಮಾರ್ಚಿನಲ್ಲಿ ಮುಗಿಯುವ ಹೊತ್ತಿಗೆ ಗುರಿ ಮೀರಿ ತರಬೇತಿ ಕೊಟ್ಟ ಲೆಕ್ಕವೂ ಸಿಕ್ಕಿತು. ಆದರೆ ಸೇರಲು ಇದ್ದ ವಯೋಮಿತಿ 14ರಿಂದ 60. ಅಂದರೆ ಯಾರಿಗೆ ಅದು ಅತ್ಯಂತ ಅಗತ್ಯವಾಗಿತ್ತೋ, ಯಾರನ್ನು ಪಿಂಚಣಿಗಾಗಿ ಯಂತ್ರದ ಮುಂದೆ ನಿಲ್ಲಿಸಲಾಗಿತ್ತೋ, ಅವರಿಗೇ ಬಾಗಿಲು ಮುಚ್ಚಿತ್ತು. ಮನೆಗೊಬ್ಬರು ಕಲಿತರೆ ಉಳಿದವರಿಗೆ ಅವರೇ ಕಲಿಸುತ್ತಾರೆ ಎಂಬ ಎಣಿಕೆ ಇದ್ದಿರಬೇಕು. ಮನೆಯೊಳಗೆ ಕಲಿಸುವ ರೀತಿ ಹೇಗಿರುತ್ತದೆಂದು ನಿಮಗೇ ಗೊತ್ತು. "ಕೊಡಿಲ್ಲೆ ಅಜ್ಜಾ, ನಾ ಮಾಡ್ತೀನಿ" ಎಂದು ಮೊಮ್ಮಗ ಫೋನು ಕಿತ್ತುಕೊಳ್ಳುತ್ತಾನೆ, ಎರಡು ಸೆಕೆಂಡಿನಲ್ಲಿ ಏನೋ ಮಾಡಿ ತಿರುಗಿ ಕೊಡುತ್ತಾನೆ. ಕೆಲಸ ಆಯಿತು. ಕಲಿಕೆ ಆಗಲಿಲ್ಲ.

ನೆರೆಯ ಕೇರಳ ಬೇರೆ ದಾರಿ ಹಿಡಿಯಿತು. ತಿರುವನಂತಪುರ ಜಿಲ್ಲೆಯ ಪುಲ್ಲಂಪಾರ ಎಂಬ ಪಂಚಾಯಿತಿ ತನ್ನ ಜನರಿಗೆಲ್ಲ ಫೋನು ಬಳಸಲು ಕಲಿಸಿ 2022ರಲ್ಲಿ ಪೂರ್ಣ ಡಿಜಿಟಲ್ ಸಾಕ್ಷರ ಪಂಚಾಯಿತಿ ಎನಿಸಿಕೊಂಡಿತು. ಅದನ್ನೇ ಮಾದರಿಯಾಗಿಟ್ಟು ರಾಜ್ಯವೆಲ್ಲ ಸಮೀಕ್ಷೆ ನಡೆಸಿ, 21 ಲಕ್ಷಕ್ಕೂ ಹೆಚ್ಚು ಜನರಿಗೆ ಕಲಿಸಿ, 2025ರ ಆಗಸ್ಟಿನಲ್ಲಿ ಇಡೀ ರಾಜ್ಯ ಡಿಜಿಟಲ್ ಸಾಕ್ಷರವಾಯಿತೆಂದು ಸಾರಿದರು. ಘೋಷಣೆಗಳನ್ನು ಸ್ವಲ್ಪ ಉಪ್ಪು ಹಾಕಿಕೊಂಡೇ ನುಂಗಬೇಕು, ಇರಲಿ. ನನಗೆ ಹಿಡಿಸಿದ್ದು ವಯಸ್ಸಿಗೆ ಮೇಲಿನ ಮಿತಿ ಹಾಕದೇ ಇದ್ದದ್ದು. ಕಲಿತವರಲ್ಲಿ 105 ವರ್ಷದ ಹಿರಿಯರೊಬ್ಬರೂ ಇದ್ದರು. ಸ್ವಯಂಸೇವಕರು ಮನೆಗೆ, ಕೂಲಿ ಕೆಲಸದ ಸ್ಥಳಕ್ಕೇ ಹೋಗಿ ಹೇಳಿಕೊಟ್ಟರು.

ನಮ್ಮಲ್ಲಿ ಇದರ ಅಗತ್ಯ ಕೇರಳಕ್ಕಿಂತ ಹೆಚ್ಚೇ ಇದೆ. ಗಂಗಾವತಿ ಕಡೆ ತುಂಗಭದ್ರೆಯ ಕಾಲುವೆ ಉಂಟು. ಕುಷ್ಟಗಿ, ಯಲಬುರ್ಗಾದ ಮಳೆ ನಂಬಿದ ಹೊಲಗಳಿಂದ ಜನ ಬೆಂಗಳೂರು, ಮಂಗಳೂರು, ಗೋವೆಗೆ ದುಡಿಯಲು ಗುಳೆ ಹೋಗುತ್ತಾರೆ. ಊರಲ್ಲಿ ಉಳಿಯುವವರು ಮುದುಕರು ಮತ್ತು ಮೊಮ್ಮಕ್ಕಳು. ಬಿ.ಪಿ. ಮಾತ್ರೆ ತೀರಿದರೆ ಯಾರಿಗೆ ಹೇಳಬೇಕು? ಕಾಲಿನ ಹುಣ್ಣು ದೊಡ್ಡದಾದರೆ ಯಾರಿಗೆ ತೋರಿಸಬೇಕು? "ತಮ್ಮಾ, ನಮ್ಮ ಹುಡುಗಗ ಒಂದ್ ಫೋನ್ ಹಚ್ಚಿ ಕೊಡಪಾ" ಎಂದು ಕಟ್ಟೆಯ ಮೇಲೆ ಕುಳಿತವರನ್ನು ಕೇಳುವುದು ಇನ್ನೂ ನಿಂತಿಲ್ಲ. ಮಗನೊಂದಿಗೆ ಆಡಬೇಕಾದ ಮಾತು ಮೂರನೆಯವರ ಎದುರು ಆಡುವಂಥದಲ್ಲ; ಹೀಗಾಗಿ "ಆರಾಮದೀನಿ" ಎಂದಷ್ಟೇ ಹೇಳಿ ಇಡುತ್ತಾರೆ. ಎಷ್ಟೋ ಕಾಯಿಲೆಗಳು ಈ "ಆರಾಮದೀನಿ"ಯ ಹಿಂದೆ ಅಡಗಿ ಬೆಳೆಯುತ್ತವೆ. ತಾನೇ ಫೋನು ಹಚ್ಚಲು, ಹುಣ್ಣಿನ ಚಿತ್ರ ತೆಗೆದು ಕಳಿಸಲು, ಅಕ್ಷರ ಬಾರದಿದ್ದರೆ ಬಾಯಿಂದಲೇ ಮಾತು ಮುದ್ರಿಸಿ ಕಳಿಸಲು, ರಾತ್ರಿ ಎದೆ ನೋವು ಬಂದರೆ 108 ಒತ್ತಲು ಕಲಿತ ತಾಯಿಯ ಬಾಳು ಎಷ್ಟೋ ಹಗುರ. ಆಸ್ಪತ್ರೆಗೆ ಹೋಗದೆಯೇ ವೈದ್ಯರನ್ನು ಕಾಣುವ ಇ-ಸಂಜೀವಿನಿ ಸೌಲಭ್ಯ 2020ರಿಂದ ಉಂಟು. ಅದು ಎರಡನೆಯ ಪಾಠ. ಮೊದಲು ಫೋನು ಹಚ್ಚುವುದು ಬರಲಿ.

ಹಣದ ಪಾಠಕ್ಕೆ ಅವಸರ ಬೇಡ ಎಂಬುದು ನನ್ನ ಅಭಿಪ್ರಾಯ. ಕೆಲವು ಕಡೆ ಹಿರಿಯರ ತರಗತಿಯೆಂದರೆ ಮೊದಲ ದಿನವೇ ಹಣ ಕಳಿಸುವುದನ್ನು ತೋರಿಸುತ್ತಾರೆ. ಅದು ಈಜು ಬರುವ ಮೊದಲೇ ಬಾವಿಗೆ ಇಳಿಸಿದಂತೆ. ಮೊದಲು ಕಲಿಸಬೇಕಾದ್ದು ಬೇಡ ಎನ್ನುವುದನ್ನು. ಹಣ ಪಡೆಯಲು ಪಿನ್ ಒತ್ತಬೇಕಿಲ್ಲ. ಪಿನ್ ಕೇಳಿದರೆ ಹಣ ಹೋಗುತ್ತಿದೆ ಎಂದೇ ಅರ್ಥ. ಒಟಿಪಿ ಯಾರು ಕೇಳಿದರೂ ಹೇಳುವಂತಿಲ್ಲ. ಪೊಲೀಸ್ ವೇಷದಲ್ಲಿ ವಿಡಿಯೋದಲ್ಲಿ ಕಾಣಿಸಿಕೊಂಡು ನಿಮ್ಮನ್ನು 'ಡಿಜಿಟಲ್ ಬಂಧನ'ದಲ್ಲಿ ಇಟ್ಟಿದ್ದೇವೆ ಎಂದರೆ ಅಂಥದೊಂದು ಬಂಧನ ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಮೋಸವಾಯಿತೆಂದು ತಿಳಿದ ಕೂಡಲೇ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಕೈ ತಪ್ಪುತ್ತದೆ. ಹಿರಿಯರು ತಡಮಾಡುವುದು ನಾಚಿಕೆಯಿಂದ, ಮಕ್ಕಳು ಬೈದಾರೆಂಬ ಅಂಜಿಕೆಯಿಂದ. ಹಣ ಕಳೆದುಕೊಂಡು ಒಳಗೊಳಗೇ ಕೊರಗುವ ಹಿರಿಯರಲ್ಲಿ ನಿದ್ರೆ ಹೋಗುವುದು, ಊಟ ಬಿಡುವುದು, ರಕ್ತದೊತ್ತಡ ಏರುವುದು ಕಾಣುತ್ತದೆ. ಆದ್ದರಿಂದ ಮಕ್ಕಳಾದ ನಿಮಗೆ ಒಂದು ಮಾತು: ಅಪ್ಪ ಹತ್ತು ಸಾವಿರ ಕಳೆದುಕೊಂಡು ಬಂದು ಹೇಳಿದರೆ, ಹೇಳಿದ್ದಕ್ಕೆ ಮೊದಲು ಸಮಾಧಾನ ಪಡಿ.

ವಾಟ್ಸ್‌ಆ್ಯಪಿನ ವೈದ್ಯರದೂ ಇದೇ ಕಥೆ. ಒಂದು ಬೇರಿನ ಕಷಾಯದಿಂದ ಸಕ್ಕರೆ ಕಾಯಿಲೆ ಮಾಯ, ಬಿ.ಪಿ. ಮಾತ್ರೆಯಿಂದ ಮೂತ್ರಪಿಂಡ ಹಾಳು ಎಂಬ ಸಂದೇಶ ಓದಿ ಮಾತ್ರೆ ನಿಲ್ಲಿಸುವವರು ಇದ್ದಾರೆ. ಮೂತ್ರಪಿಂಡ ಕೆಡುವುದು ಹತೋಟಿಯಲ್ಲಿಡದ ಬಿ.ಪಿ.ಯಿಂದ, ಸಕ್ಕರೆಯಿಂದ. ಬಂದ ಸಂದೇಶವನ್ನು ನಂಬುವ ಮೊದಲು ಆಶಾ ಕಾರ್ಯಕರ್ತೆಗೋ ವೈದ್ಯರಿಗೋ ತೋರಿಸುವುದೂ ತರಗತಿಯ ಒಂದು ಪಾಠವಾಗಲಿ.

ಕಲಿಸುವ ಕ್ರಮದ ಬಗ್ಗೆ ಸ್ವಲ್ಪ ಹೇಳಬೇಕು. ವಯಸ್ಸಾದಂತೆ ಮೆದುಳು ಒಂದೇ ಹೊತ್ತಿಗೆ ಹಿಡಿದಿಡುವ ಸಂಗತಿಗಳು ಕಡಿಮೆಯಾಗುತ್ತವೆ, ವೇಗ ಇಳಿಯುತ್ತದೆ. ಆದರೆ ಕೈಗೆ ರೂಢಿಯಾದ ಕೆಲಸದ ನೆನಪು ಬಹುಕಾಲ ಉಳಿಯುತ್ತದೆ. ರೊಟ್ಟಿ ಬಡಿಯುವುದನ್ನು ಎಂಬತ್ತರ ಅಜ್ಜಿ ಮರೆತಿದ್ದಾಳೆಯೇ? ಹಾಗಾಗಿ ಒಂದು ದಿನಕ್ಕೆ ಒಂದೇ ಪಾಠ, ಅದನ್ನೇ ಹತ್ತು ಸಲ, ಅವರದೇ ಫೋನಿನಲ್ಲಿ, ಅವರದೇ ಬೆರಳಿನಿಂದ. ಕಲಿಸುವವನು ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಯಿಂದ ಹೇಳಬೇಕು. ಬರೆಯಲು ಬರುವವರು ತಮ್ಮ ಮಾತಿನಲ್ಲೇ ಪುಸ್ತಕದಲ್ಲಿ ಬರೆದುಕೊಳ್ಳಲಿ. ಬಾರದವರು ಹಸಿರು ಗುಂಡಿ, ಕೆಂಪು ಗುಂಡಿ ಚಿತ್ರ ಬರೆದುಕೊಳ್ಳಲಿ. ತಪ್ಪು ಒತ್ತಿದರೆ ಫೋನು ಸುಟ್ಟುಹೋಗುವುದಿಲ್ಲ ಎಂಬುದನ್ನು ಮೊದಲ ದಿನ ಬೇಕೆಂದೇ ತಪ್ಪು ಒತ್ತಿಸಿ ತೋರಿಸಬೇಕು.

ಜಾಗ ಹುಡುಕಬೇಕಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಈಗ ಅರಿವು ಕೇಂದ್ರಗಳಾಗಿವೆ. ಅನೇಕ ಕಡೆ ಕಂಪ್ಯೂಟರ್ ಕೂಡ ಇದೆ. ಹಣದ ದಾರಿಯೂ ಪೂರ್ತಿ ಮುಚ್ಚಿಲ್ಲ: 2022ರಲ್ಲಿ ಒಪ್ಪಿಗೆ ಪಡೆದ, 2027ರವರೆಗಿನ ನವ ಭಾರತ ಸಾಕ್ಷರತಾ ಕಾರ್ಯಕ್ರಮ 15 ದಾಟಿದ ಅನಕ್ಷರಸ್ಥರೆಲ್ಲರಿಗೂ ತೆರೆದಿದೆ, ಅದರ ಬದುಕಿನ ಕೌಶಲಗಳಲ್ಲಿ ಡಿಜಿಟಲ್ ಸಾಕ್ಷರತೆಯೂ ಸೇರಿದೆ. ಮೆಟ್ಟಿಲು ಹತ್ತಲಾಗದವರಿಗೆ ಗುಡಿಯ ಕಟ್ಟೆ, ಶಾಲೆಯ ಪಡಸಾಲೆ ಆದೀತು. ಕಲಿಸಲು ಪಿಯುಸಿ, ಡಿಗ್ರಿ ಓದುವ ಹುಡುಗಿಯರು ಬೇಕು. ಅಜ್ಜಿಯರು ಅವರ ಮುಂದೆ ಸಂಕೋಚವಿಲ್ಲದೆ ಕೇಳುತ್ತಾರೆ. ಹೆಂಗಸರಿಗೆ ಬೇರೆ ಹೊತ್ತು ಇಡುವುದು ಲೇಸು. ಎಷ್ಟೋ ಮನೆಗಳಲ್ಲಿ ಫೋನು ಗಂಡಸರ ಜೇಬಿನಲ್ಲಿ ಹೊರಗೆ ಹೋಗಿರುತ್ತದೆ, ಆ ಹೊತ್ತಿಗೆ ಅದನ್ನು ಮನೆಯಲ್ಲಿ ಬಿಟ್ಟುಹೋಗುವಂತೆ ಪಂಚಾಯಿತಿಯವರೇ ಹೇಳಲಿ. ಬಿತ್ತನೆ, ಸುಗ್ಗಿಯ ದಿನಗಳಲ್ಲಿ ತರಗತಿ ಇಟ್ಟು ಯಾರೂ ಬರಲಿಲ್ಲ ಎಂದು ವರದಿ ಬರೆಯುವುದು ಬೇಡ. ಗವಿಮಠದ ಜಾತ್ರೆ ಮುಗಿದ ಮೇಲಿನ ದಿನಗಳು ನನಗೆ ಸರಿ ಎನಿಸುತ್ತವೆ.

ಇಷ್ಟು ಹೇಳಿದ ಮೇಲೆ ಕಚೇರಿಗಳಲ್ಲಿ ಕುಳಿತವರಿಗೂ ಒಂದು ಮಾತು ಸಲ್ಲಬೇಕು. ತರಗತಿ ನಡೆಯಿತೆಂಬ ನೆಪದಿಂದ ಕೌಂಟರು ಮುಚ್ಚುವಂತಿಲ್ಲ. ಕಲಿಯಲಾರದವರು ಇದ್ದೇ ಇರುತ್ತಾರೆ. ಪಾರ್ಶ್ವವಾಯು ಆದವರು, ಕಣ್ಣು ಪೂರ್ತಿ ಹೋದವರು, ಮರೆವು ಆವರಿಸಿದವರು ಬಂದಾಗ ಕಾಗದದ ಚೀಟಿ, ಮನುಷ್ಯರ ಮುಖ, ಕೂರಲು ಒಂದು ಬೆಂಚು ಇರಬೇಕು. ಬೇಡ ಎನ್ನುವ ಹಕ್ಕು ಆರೋಗ್ಯವಂತ ಹಿರಿಯರಿಗೂ ಇದೆ. ಎಪ್ಪತ್ತೈದು ವರ್ಷ ನೋಟು ಎಣಿಸಿದವರು ಮುಂದೆಯೂ ನೋಟನ್ನೇ ಎಣಿಸುತ್ತೇನೆ ಎಂದರೆ ಅದು ಹಟವೇನಲ್ಲ.

ನಿಮ್ಮ ಊರಲ್ಲಿ ತರಗತಿ ಇನ್ನೂ ಇಲ್ಲದಿದ್ದರೆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿಗೆ ಹತ್ತು ಮನೆಯವರು ಕೂಡಿ ಅರ್ಜಿ ಕೊಡಿ, ಮುಂದಿನ ಗ್ರಾಮಸಭೆಯಲ್ಲಿ ಎದ್ದು ಕೇಳಿ. ಅಲ್ಲಿಯವರೆಗೆ ಈ ಭಾನುವಾರ ಮನೆಯಲ್ಲೇ ಒಂದು ತಾಸು ಕೂರಿ. ಅಕ್ಷರ ದೊಡ್ಡದು ಮಾಡಿ, ಮಗ, ಮಗಳು, ವೈದ್ಯರು, 108 ಈ ನಾಲ್ಕನ್ನು ಪರದೆಯ ಮೇಲೆಯೇ ಭಾವಚಿತ್ರದ ಸಮೇತ ಇಟ್ಟುಕೊಡಿ, ಆಮೇಲೆ ಫೋನನ್ನು ಅವರ ಕೈಗೆ ಕೊಟ್ಟು ಪಕ್ಕದ ಕೋಣೆಗೆ ಹೋಗಿ ನಿಮ್ಮ ಫೋನು ಹಿಡಿದು ಕಾಯಿರಿ. ಕನ್ನಡಕ ಅವರ ಬಳಿಯೇ ಇದೆಯೇ ಎಂದು ಮೊದಲು ನೋಡಿಕೊಳ್ಳಿ.